ಬಂದವರ ಮುಂದೆ ಕೆಡದ ಯಂತ್ರ

ಕಂಪ್ಯೂಟರ್ ಕೆಟ್ಟಿದ್ದಕ್ಕೆ ನಾನು ಗಂಡನ ಮನೆಗೆ ವಾಪಸ್ ಹೋದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಅದರಲ್ಲಿ ಸುಳ್ಳೇನೂ ಇಲ್ಲ. ಅರ್ಧ ಮಾತನ್ನಷ್ಟೇ ಹೇಳಿ ಉಳಿದರ್ಧ ನುಂಗಿಕೊಳ್ಳುತ್ತೇನೆ. ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ದಸರೆಗೆಂದು ಲಿಂಗಸುಗೂರಿನಿಂದ ಸಿಂಧನೂರಿನ ತವರಿಗೆ ಬಂದವಳು ಹಬ್ಬ ಮುಗಿದರೂ ಹೊರಡಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ. ಅಣ್ಣ ರಸಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮೊದಲ ವಾರ ಯಾರೂ ಏನೂ ಕೇಳಲಿಲ್ಲ. ಎರಡನೆಯ ವಾರ ಎಲ್ಲರೂ ಕೇಳಿದರು.

ನನ್ನ ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನನ್ನ ಕರ್ಮಕ್ಕೆ ಅದೇ ಅಡ್ಡ ಬಂತು. ಅವನು ಮಾತಾಡುತ್ತಿರಲಿಲ್ಲ. ಒಂದು ದಿನ ಎರಡು ದಿನವಲ್ಲ, ತಿಂಗಳುಗಟ್ಟಲೆ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಸಂಜೆ ಬಂದು ತಾಟಿನಲ್ಲಿ ಊಟ ಬಡಿಸಿಕೊಂಡು, ಅದನ್ನು ಮುಟ್ಟದೆ ಎದ್ದು ಹೋಗಿ ಪಕ್ಕದಲ್ಲೇ ಇದ್ದ ತನ್ನ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ಆದರೆ ಯಾರಾದರೂ ಬಂದರೋ, ಆ ಮನುಷ್ಯನೇ ಬೇರೆ. "ನೀ ಕುಂದರು, ಚಹಾ ನಾ ಮಾಡ್ತೀನಿ" ಅನ್ನುವನು. ಬಂದವರು ನನ್ನ ಗಲ್ಲ ಸವರಿ "ಪುಣ್ಯ ಮಾಡೀಯವ್ವ" ಎಂದು ಹೋಗುವರು. ಬಾಗಿಲು ಹಾಕಿಕೊಂಡಾಗ ಮತ್ತೆ ಅದೇ ಮೌನ.

ಇದನ್ನು ಯಾರಿಗೆ ಹೇಗೆ ತೋರಿಸುವುದು? ಹೇಳಿದೆ. ಅವ್ವನಿಗೆ ಒಂದೂ ಬಿಡದೆ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಊರಾಗ ಕಳ್ಳರ ಕಾಟ ಭಾಳ ಐತಿ, ಅದಕ್ಕ ಬೀಗ ಹಾಕ್ಯಾನ" ಎಂದಳು.

ಕಡೆಗೆ ಸೋದರಮಾವನನ್ನು ಕರೆಸಿದರು. ಆತ ಸಂತೆಕಲ್ಲೂರಿನ ಒಕ್ಕಲಿಗ, ನಾಲ್ಕು ಜನ ಮಾತು ಕೇಳುವಂಥ ಹಿರಿಯ. ಅಂಗಳದಲ್ಲಿ ಹೊರಸಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, "ನೋಡವ್ವ, ಹೋಗಂಗಿಲ್ಲ ಅಂತೀದಿ. ಆತು. ಅಣ್ಣನ ಮ್ಯಾಲ ಭಾರ ಆಗದಂಗ ದುಡದು ತೋರ್ಸು. ಮುಂಗಾರಿ ಮಳಿ ಬರೋತನಕ ನೋಡೋಣು. ದುಡಿಮಿ ನಿಂತರ ನೀನೂ ಇಲ್ಲೇ ನಿಲ್ಲು. ಇಲ್ಲಂದ್ರ ಲಿಂಗಸುಗೂರಿಗೆ ನಾನ ಬಿಟ್ಟು ಬರ್ತೀನಿ" ಎಂದ. ಅಲ್ಲಿದ್ದವರೆಲ್ಲ ತಲೆದೂಗಿದರು. ನಾನೂ ದೂಗಿದೆ. ಬೇರೆ ಏನು ಮಾಡಲಿ?

ಮದುವೆಗೆ ಮುಂಚೆ ಟೈಪಿಂಗ್ ಪಾಸು ಮಾಡಿಕೊಂಡಿದ್ದೆ. ಅದೊಂದೇ ನನ್ನ ಆಸ್ತಿ. ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿ ಕನ್ನಡ ಅಕ್ಷರ ಕೂಡಿಸುವುದು ಕಲಿತೆ. ಅಣ್ಣ ಅಂಗಡಿ ಮಾಲಕರಿಂದ ಮುಂಗಡ ಎತ್ತಿ, ರಾಯಚೂರಿನಲ್ಲಿ ಬಿಡಿಭಾಗ ಜೋಡಿಸಿದ ಒಂದು ಡೆಸ್ಕ್‌ಟಾಪ್ ತಂದು ಪಡಸಾಲೆಯಲ್ಲಿ ಇಟ್ಟ. ದೀಪಾವಳಿ ಮುಗಿದು ತಿಂಗಳಾಗಿತ್ತು. ಓಣಿಯ ಮಂದಿ ಬಾಗಿಲಲ್ಲಿ ನಿಂತು ನೋಡಿ ಹೋದರು. ಕೆಲವರು ಚಪ್ಪಲಿ ಬಿಟ್ಟು ಒಳಗೆ ಬಂದರು. ವೈನಿ ಅದಕ್ಕೆ ಹೂವಿನ ಕಸೂತಿ ಹಾಕಿದ ಹೊದಿಕೆ ಹೊಲಿದಳು.

ಮಸ್ಕಿಯ ಒಂದು ಪ್ರೆಸ್ಸಿನವರು ಕೆಲಸ ಕೊಡಲು ಒಪ್ಪಿದರು. ಲಗ್ನಪತ್ರ, ಖಾಸಗಿ ಶಾಲೆಗಳ ಪ್ರಶ್ನೆಪತ್ರಿಕೆ, ವೀರಭದ್ರನ ಒಡಪು ಹೇಳುವ ಪುರವಂತರ ಕಾರ್ಯಕ್ರಮದ ಕರಪತ್ರ. ಬರಹ ಬೆಳಿಗ್ಗೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿತ್ತು. ನಾನು ಕೂಡಿಸಿ ಫ್ಲಾಪಿಗೆ ತುಂಬಿ ಸಂಜೆಯ ಬಸ್ಸಿಗೆ ಕಳಿಸುತ್ತಿದ್ದೆ. ಪ್ರೂಫು ಮರುದಿನ ಅದೇ ಬಸ್ಸಿನಲ್ಲಿ ಬರುವುದು. ತಿದ್ದಿ ಕಳಿಸಿದರೆ ಛಾಪು. ಮೊದಲ ಸಲ ನಾನು ಕೂಡಿಸಿದ ಲಗ್ನಪತ್ರ ಕೈಗೆ ಬಂದಾಗ ಅದನ್ನು ಮೂಸಿ ನೋಡಿದೆ. ಇನ್ನು ನನ್ನನ್ನು ಯಾರೂ ಬೀಗದೊಳಗೆ ಇಡಲಾರರು ಅಂದುಕೊಂಡೆ.

ಸಂಕ್ರಾಂತಿ ಮುಗಿದು ಬಿಸಿಲು ಏರತೊಡಗಿದಾಗ ಕಾಟ ಶುರುವಾಯಿತು. ಕೂಡಿಸುತ್ತ ಕೂಡಿಸುತ್ತ ಇದ್ದಂತೆ ಪರದೆ ಕಪ್ಪಾಗುವುದು. ಒಳಗೆ ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟು ಮತ್ತೆ ತಿರುಗುವುದು. ಯಂತ್ರ ತಾನೇ ಮೊದಲಿನಿಂದ ಶುರುವಾಗಿ, ನೀಲಿ ಪರದೆಯಲ್ಲಿ ತನ್ನ ಹೊಟ್ಟೆಯನ್ನು ತಾನೇ ತಪಾಸಣೆ ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಎದುರಿಗೆ ಬಂದು ನಿಲ್ಲುವುದು. ನಾನು ಉಳಿಸಿಟ್ಟಿರದ ಕೆಲಸವೆಲ್ಲ ಮಾಯ. ಒಂದೊಂದು ದಿನ ಮಧ್ಯಾಹ್ನದಿಂದ ಸಂಜೆಯೊಳಗೆ ಎಷ್ಟು ಸಲವೆಂದು ಎಣಿಸುವುದನ್ನೇ ಬಿಟ್ಟೆ.

ರಾಯಚೂರಿನ ಮೆಕ್ಯಾನಿಕ್ ಬಂದ. ಮೊದಲ ಬಸ್ಸಿಗೆ ಬಂದು, ಹೊದಿಕೆ ತೆಗೆದು, ಚಾಲು ಮಾಡಿ ಕೂತ. ಯಂತ್ರ ಮದುವಣಗಿತ್ತಿಯ ಹಾಗೆ ತಲೆತಗ್ಗಿಸಿ ಹೇಳಿದ್ದೆಲ್ಲ ಮಾಡಿತು. ಎರಡು ತಾಸು, ಮೂರು ತಾಸು, ಒಂದು ಸಲವೂ ತಕರಾರು ಮಾಡಲಿಲ್ಲ. "ಏನೂ ಆಗಿಲ್ಲ ಬಿಡ್ರಿ ಮೇಡಂ. ನೀವ ಏನರ ತಪ್ಪು ಬಟನ್ ಒತ್ತಿರಬೇಕು" ಎಂದು ಮಧ್ಯಾಹ್ನದ ಬಸ್ಸಿಗೆ ಹೋದ. ಅವನು ಓಣಿ ದಾಟಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಪರದೆ ಕಪ್ಪಾಯಿತು. ನಾನು ಕುರ್ಚಿಯ ಮೇಲೇ ಅತ್ತುಬಿಟ್ಟೆ. ಇದನ್ನು ನಾನು ಮೊದಲೇ ನೋಡಿದ್ದೆ. ಬಂದವರ ಮುಂದೆ ಬಂಗಾರ, ಹೋದ ಮೇಲೆ ಅದೇ ಹಾಡು. ಲಿಂಗಸುಗೂರಿನದು ಬಿಟ್ಟು ಬಂದರೆ ಅಣ್ಣ ಮುಂಗಡ ಎತ್ತಿ ಇನ್ನೊಂದನ್ನು ಮನೆಗೆ ತಂದಿದ್ದ.

ಆಮೇಲೆ ಎಲ್ಲರೂ ವೈದ್ಯರಾದರು. ಮೆಕ್ಯಾನಿಕ್ ಎರಡನೆಯ ಸಲ ಬಂದು ವೈರಸ್ ಎಂದ. ಎಲ್ಲ ಅಳಿಸಿ ಹೊಸದಾಗಿ ತುಂಬಿದ. ಅದರ ಜೊತೆ ನನ್ನ ಕನ್ನಡ ಅಕ್ಷರಗಳೂ ಅಳಿಸಿಹೋದವು, ಅವನ್ನು ಮತ್ತೆ ಹಾಕಿಸಿಕೊಳ್ಳಲು ಮಸ್ಕಿಗೆ ಹೋಗಬೇಕಾಯಿತು. ಮೂರನೆಯ ಸಲ ಮೆಮೊರಿಯ ಪಟ್ಟಿ ಕಿತ್ತು ರಬ್ಬರಿನಿಂದ ತಿಕ್ಕಿ ಹಾಕಿದ. ವೈನಿ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಸೋದರಮಾವ ಬಂದವನು ಪಡಸಾಲೆಯನ್ನೊಮ್ಮೆ ನೋಡಿ, ಅದರ ಮುಖ ತೆಂಕಲಿಗೆ ಇರಬಾರದೆಂದು ಮೇಜು ತಿರುಗಿಸಿದ. ಅವನ ಜೊತೆ ಬಂದಿದ್ದ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ, "ಹೊರಗ ಆದಾಗ ಅದನ್ನ ಮುಟ್ಟಿದ್ಯೇನು?" ಎಂದು ಕೇಳಿದಳು. ನನ್ನ ಸಂಸಾರ ಕೆಟ್ಟಾಗ ಇವೇ ಔಷಧಗಳು ಬಂದಿದ್ದವು. ಆಗಲೂ ಒಬ್ಬರು ಗ್ರಹ ಎಂದರು, ಒಬ್ಬರು ಮನೆಯ ಬಾಗಿಲು ಎಂದರು, ಮಿಕ್ಕವರು ನಾನೇ ಏನೋ ತಪ್ಪು ಒತ್ತಿರಬೇಕು ಎಂದರು.

ಕಾರಣ ಸಿಕ್ಕಿದ್ದು ಯುಗಾದಿಯ ಮುಂಚೆ, ಮನೆ ತೊಳೆಯುವ ದಿನ. ಮಧ್ಯಾಹ್ನ ಪಡಸಾಲೆಯಲ್ಲಿ ಬಲ್ಬು ಮಂಕಾಗಿ ಉರಿಯುತ್ತಿತ್ತು, ಯಂತ್ರ ಒಂದೇ ಸಮನೆ ಬಿದ್ದು ಏಳುತ್ತಿತ್ತು. ನಾನು ಕೈಬಿಟ್ಟು ಸುಮ್ಮನೆ ಕೂತಿದ್ದೆ. ಹಿತ್ತಿಲಲ್ಲಿ ವೈನಿ ನೆಲ ತೊಳೆದ ಬಕೆಟ್ ನೀರನ್ನು ಬಚ್ಚಲ ಹಿಂದೆ ಸುರಿದಳು. ತಲೆಯ ಮೇಲೆ ಬಲ್ಬು ತಟ್ಟನೆ ಬೆಳ್ಳಗಾಯಿತು. ಎದ್ದು ಓಡಿದೆ. ಇನ್ನೊಂದು ಬಕೆಟ್ ಅಲ್ಲೇ ಹಾಕು ಎಂದೆ. ಹಾಕಿದಳು. ಬಲ್ಬು ಇನ್ನೂ ಬೆಳ್ಳಗಾಯಿತು. ಆ ದಿನ ಸಂಜೆಯವರೆಗೆ ಯಂತ್ರ ಒಮ್ಮೆಯೂ ಬೀಳಲಿಲ್ಲ.

ಅಣ್ಣ ಅಂಗಡಿಯಿಂದ ಬಂದಾಗ ಕೇಳಿದೆ. ಅವನು ಹಣೆ ಹಣೆ ಬಡಿದುಕೊಂಡ. ಮನೆಗೆ ಕರೆಂಟು ಬರುವುದು ಒಂದು ತಂತಿಯಲ್ಲಿ, ವಾಪಸ್ ಹೋಗುವುದು ಇನ್ನೊಂದರಲ್ಲಿ. ಹಿಂದೆ ಯಾವಾಗಲೋ ಬಿರುಗಾಳಿಗೆ ಆ ವಾಪಸ್ ಹೋಗುವ ತಂತಿ ಕಂಬದ ಹತ್ತಿರ ಹರಿದುಬಿದ್ದಿತ್ತು. ಹೊಸದು ಎಳೆಯುವವರೆಗೆ ಇರಲಿ ಎಂದು ವೈರಿಂಗಿನವನೊಬ್ಬ ಅದರ ಕೊನೆಯನ್ನು ಬಚ್ಚಲ ಹಿಂದಿನ ಅರ್ಥಿಂಗ್ ಕುಣಿಗೆ, ಅಂದರೆ ಲೋಹದ ಪಟ್ಟಿ ಹೂತಿಟ್ಟ ಗುಂಡಿಗೆ, ಕಟ್ಟಿ ಹೋಗಿದ್ದ. ಅಂದರೆ ನಮ್ಮ ಮನೆಯ ಕರೆಂಟೆಲ್ಲ ಮಣ್ಣಿಗೆ ಇಳಿದು ಹೋಗುತ್ತಿತ್ತು. ಕುಣಿ ಹಸಿ ಇದ್ದರೆ ಸರಿಯಾಗಿ ಇಳಿಯುವುದು, ಒಣಗಿದರೆ ತಡೆಯುವುದು. ಓಣಿಯಲ್ಲಿ ಹಾಗೆ ಮಾಡಿಕೊಂಡ ಮನೆಗಳು ಇನ್ನೂ ಇದ್ದವು. ಬಲ್ಬಿಗೆ, ಫ್ಯಾನಿಗೆ ಅದು ನಡೆದುಹೋಗುತ್ತಿತ್ತು, ಹಾಗಾಗಿ ತಾತ್ಪೂರ್ತಿಕ ಅನ್ನುವುದು ಎಲ್ಲರಿಗೂ ಮರೆತೇ ಹೋಗಿತ್ತು. ಬೆಳಿಗ್ಗೆ ಎಲ್ಲರ ಜಳಕದ ನೀರು ಆ ಕುಣಿಯ ಕಡೆಗೇ ಇಂಗುತ್ತಿತ್ತು. ಅದಕ್ಕೇ ಮೆಕ್ಯಾನಿಕ್ ಬಂದ ಹೊತ್ತಿನಲ್ಲಿ ಯಂತ್ರ ಅಷ್ಟು ಸಭ್ಯ.

ಅಣ್ಣ ಮಾರನೆಯ ದಿನವೇ ಕರೆಂಟಿನ ಆಫೀಸಿಗೆ ಹೋಗಿ ಹೊಸ ತಂತಿಗೆ ಹೇಳಿಬಂದ. ನಾಳೆ ಬರುತ್ತೇವೆ ಎಂದರು. ಆ ನಾಳೆ ಬರುವವರೆಗೆ ಕುಣಿಗೆ ದಿನಾ ಉಪ್ಪು ನೀರು ಹಾಕಬೇಕು, ಅಷ್ಟೆ. ನಾನೇ ಹಾಕಲು ಹೊರಟರೆ ಅವ್ವ ಕೊಡ ಕಸಿದುಕೊಂಡಳು. "ನೀ ನಿನ್ನ ಕೆಲಸ ನೋಡು. ನೀರು ನಾ ಹಾಕ್ತೀನಿ" ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಅಷ್ಟು ದಿನಗಳಲ್ಲಿ ಅವ್ವ ನನ್ನ ಪರವಾಗಿ ಮಾಡಿದ ಮೊದಲ ಕೆಲಸ ಅದು. ಮಧ್ಯಾಹ್ನ ಅವಳು ಕೊಡ ಹೊತ್ತು ಹಿತ್ತಿಲಿಗೆ ಹೊರಟರೆ ವೈನಿ, "ಮೂರ್ತಿಗೆ ಅಭಿಷೇಕ ನಡೀತು" ಎಂದು ನಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಯುಗಾದಿ ಚೆನ್ನಾಗಿ ಆಯಿತು. ಲಗ್ನದ ಕಾಲ ಶುರುವಾಗಿ ಮಸ್ಕಿಯಿಂದ ಕೆಲಸ ಹೊಳೆಯಂತೆ ಬಂತು. ಮಾವ ಒಮ್ಮೆ ಬಂದು ನೋಡಿ, "ದುಡೀತಾಳ ಹುಡುಗಿ" ಎಂದು ಅಣ್ಣನೆದುರು ಹೇಳಿದ. ಹುಡುಗಿ ಒಳಗಿನಿಂದ ಕೇಳಿಸಿಕೊಂಡಳು.

ಹಾಗೇ ಮುಂದುವರಿದಿದ್ದರೆ ನನ್ನ ಬದುಕು ಬೇರೆ ಇರುತ್ತಿತ್ತು. ಮುಂದುವರಿಯಲಿಲ್ಲ.

ತಂತಿಯವರ ಆ ನಾಳೆ ಇನ್ನೂ ಬಂದಿರಲಿಲ್ಲ, ನಡು ಬೇಸಿಗೆಯಲ್ಲಿ ಯಂತ್ರ ಮತ್ತೆ ಬೀಳತೊಡಗಿತು. ಮೊದಲಿನಂತೆಯೇ, ಮಧ್ಯಾಹ್ನದ ಮೇಲೆ. ನಾನು ಮೊದಲು ಕೇಳಿದ್ದೇ, "ಅವ್ವ, ಕುಣಿಗೆ ನೀರು ಹಾಕೀಯೇನು?" "ಹಾಕೀನಿ." ಮರುದಿನವೂ ಕೇಳಿದೆ. "ಹಾಕೀನಿ ಅಂದೆನಲ್ಲ!" ಎಂದು ಗದರಿದಳು. ಬಲ್ಬು ಮಂಕಾಗಿತ್ತು, ನಿಜ. ಆದರೆ ಆ ಬೇಸಿಗೆಯಲ್ಲಿ ಇಡೀ ಊರಿನ ಬಲ್ಬುಗಳು ಮಂಕಾಗಿದ್ದವು. ಹಾಗಾದರೆ ಬೇರೇನೋ ಕೆಟ್ಟಿರಬೇಕು ಅಂದುಕೊಂಡೆ. ಮತ್ತೆ ರಾಯಚೂರಿಗೆ ಹೇಳಿಕಳಿಸಿದೆ. ಪವರ್ ಸಪ್ಲೈ ಡಬ್ಬಿ ಬದಲಾಯಿಸಿದರು. ಮತ್ತೆ ಬಿತ್ತು. ವೋಲ್ಟೇಜಿಗೆಂದು ಸ್ಟೆಬಿಲೈಜರ್ ತಂದೆವು. ಅದು ಟಕ್ ಟಕ್ ಎಂದು ಹಲ್ಲು ಕಡಿಯುತ್ತಿತ್ತು, ಯಂತ್ರ ಬೀಳುವುದು ಬೀಳುತ್ತಲೇ ಇತ್ತು. ಯಾವುದನ್ನೆಲ್ಲ ಅನುಮಾನಿಸಬಹುದೋ ಅದನ್ನೆಲ್ಲ ಅನುಮಾನಿಸಿದೆ. ಅವ್ವ ಸುಳ್ಳು ಹೇಳುತ್ತಾಳೆ ಅನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಒಂದು ಮಧ್ಯಾಹ್ನ ದಢೇಸುಗೂರಿನ ದೊಡ್ಡ ಮನೆತನವೊಂದರ ಲಗ್ನಪತ್ರ ಕೂಡಿಸುತ್ತಿದ್ದೆ. ಬೇಗ ಆಗಲೆಂದು ಮುಕ್ಕುಂದದ ಇನ್ನೊಂದು ಮದುವೆಯ ಹಳೆಯ ಪತ್ರವನ್ನೇ ತೆಗೆದು ಹೆಸರು ಬದಲಾಯಿಸುತ್ತ ಹೋಗಿದ್ದೆ. ನಾವು ಎಲ್ಲರೂ ಹಾಗೇ ಮಾಡುತ್ತಿದ್ದೆವು. ನಡುವೆ ಪರದೆ ಕಪ್ಪಾಯಿತು. ಎದ್ದ ಮೇಲೆ ನೋಡಿದರೆ ಅರ್ಧ ಉಳಿದಿತ್ತು, ಅರ್ಧ ಇರಲಿಲ್ಲ. ಮತ್ತೆ ತಿದ್ದಿದೆ. ಮತ್ತೆ ಬಿತ್ತು. ಬಸ್ಸಿನ ಹೊತ್ತಾಗಿತ್ತು. ಮೂರನೆಯ ಸಲ ತಿದ್ದಿ, ಫ್ಲಾಪಿಗೆ ಹಾಕಿ, ಓಡಿದೆ. ಆ ಲಗ್ನದ ಸುಗ್ಗಿಯ ಅವಸರದಲ್ಲಿ ಪ್ರೂಫು ತರಿಸುವ ಪದ್ಧತಿ ಬಿಟ್ಟುಹೋಗಿತ್ತು. ಪತ್ರಗಳು ಅಚ್ಚಾಗಿ, ಅರಿಸಿನ ಹಚ್ಚಿಸಿಕೊಂಡು, ಬೀಗರ ಮನೆಗಳಿಗೂ ಹೋದವು. ವರನ ಹೆಸರು ಸರಿ ಇತ್ತು. ವಧುವಿನ ತಂದೆಯ ಜಾಗದಲ್ಲಿ ಮುಕ್ಕುಂದದವರ ಹೆಸರಿತ್ತು.

ಮಸ್ಕಿಯ ಪ್ರೆಸ್ಸಿನವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ತಿರುಗಿ ಒಂದು ಮಾತು ಅನ್ನಬಹುದಿತ್ತು. ಅವರು ನನಗೆ ಕುರ್ಚಿ ಕೊಟ್ಟು ಕೂಡಿಸಿ, ಸೋಡಾ ತರಿಸಿ, "ಅಕ್ಕಾರ, ಮಿಷನ್ ಕೆಟ್ಟೈತಿ ಅಂತ ಮದಿವಿ ಮನಿಯವ್ರಿಗೆ ಹೇಳಾಕ ಬರತೈತೇನ್ರಿ? ಹೆಣ್ಣಿನ ತಂದಿ ಹೆಸರು ತಪ್ಪಿದ್ರ ಅದು ಸಣ್ಣ ಮಾತಲ್ರಿ. ಇನ್ನ ಮ್ಯಾಲೆ ಬ್ಯಾರೆಯವರ ಕಡಿಂದ ಮಾಡಿಸ್ತೀವ್ರಿ" ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಹೊರಗೆ ಏನಿತ್ತು ಎಂಬುದು ನನಗೆ ನೆನಪಿಲ್ಲ. ಕೈಯಲ್ಲಿ ಖಾಲಿ ಫ್ಲಾಪಿಗಳಿದ್ದವು, ಅವರು ನನ್ನವನ್ನೆಲ್ಲ ಎಣಿಸಿ ವಾಪಸ್ ಕೊಟ್ಟಿದ್ದರು.

ಮಾವನಿಗೆ ಸುದ್ದಿ ಹೋಯಿತು. ಲಿಂಗಸುಗೂರಿಗೂ ಹೋಯಿತು. ಅಣ್ಣ ನನ್ನ ಮುಖ ನೋಡದೆ ಉಂಡು ಅಂಗಡಿಗೆ ಹೋಗುತ್ತಿದ್ದ. ವೈನಿ ಮಾತ್ರ, "ಇನ್ನೊಂದು ಪ್ರೆಸ್ ನೋಡೋಣು ತಡಿ" ಅನ್ನುತ್ತಿದ್ದಳು. ನನಗೂ ಆ ಆಸೆ ಸ್ವಲ್ಪ ಉಳಿದಿತ್ತು.

ಆಗ ಒಂದು ಮಧ್ಯಾಹ್ನ, ಒಗೆದ ಸೀರೆ ಹರವಲು ತಂತಿಯಲ್ಲಿ ಜಾಗವಿಲ್ಲದೆ, ಬಚ್ಚಲ ಹಿಂದಿನ ಗೋಡೆಯ ಮೇಲೆ ಹರವಲು ಹೋದೆ. ಕುಣಿ ಕಾಲ ಬುಡದಲ್ಲೇ ಇತ್ತು. ಅದರ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಬೆರಳು ಇಳಿಸಿದೆ. ತಳದವರೆಗೂ ಬೆಚ್ಚಗೆ, ಒಣಕಲು. ಬೆಳಗಿನ ಜಳಕದ ನೀರು ಆ ಬಿಸಿಲಿಗೆ ಮೇಲೇ ಆರಿಹೋಗುತ್ತಿತ್ತು. ಒಂದು ದಿನದ ಒಣಕಲು ಅಲ್ಲ ಅದು.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಹೋಗಿ ಕೂತೆ.

"ಕುಣಿಗೆ ನೀರು ಹಾಕಿಲ್ಲ ನೀ."

ಅವಳು ತಲೆ ಎತ್ತಲಿಲ್ಲ. "ಹಾಕಿಲ್ಲ."

"ಯಾವಾಗಿಂದ?"

"ಅಳಿಯ ಬಂದು ಹೋದಾಗಿಂದ."

ಅವನು ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಮಸ್ಕಿಗೆ ಹೋಗಿದ್ದ ಒಂದು ದಿನ ಬಂದಿದ್ದನಂತೆ, ವೈನಿಯೂ ಇರಲಿಲ್ಲವಂತೆ. ಇದೇ ಹೊಸ್ತಿಲಲ್ಲಿ ಕೂತು ಅತ್ತನಂತೆ. ಅವ್ವ ಅದನ್ನು ಹೇಳುತ್ತ ಹೇಳುತ್ತ ಒಂದೊಂದೇ ಹರಳು ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು.

"ಅವ ಮಂದಿ ಮುಂದ ಅಳತಾನ, ನಗತಾನ, ಚಹಾನೂ ಮಾಡ್ತಾನ. ಎಷ್ಟು ಸಲ ಹೇಳೀನಿ ನಿನಗ! ಬಾಗಲಾ ಹಾಕಿದ ಮ್ಯಾಲೆ ಹೆಂಗಿರ್ತಾನ ಅಂತ ನೀ ಒಂದ ಒಂದು ದಿನ ನಂಬಿದ್ದರ ಸಾಕಿತ್ತು. ಯಾಕ ನಂಬಲಿಲ್ಲ ಬೇ?"

"ನಂಬೀನಲ್ಲ" ಎಂದಳು ಅವ್ವ.

ನಾನು ಬಗ್ಗಿ ಅವಳ ಮುಖ ನೋಡಿದೆ.

"ನೀ ಹೇಳಿದ ದಿನಾನ ನಂಬೀನಿ. ಒಂದೊಂದು ಮಾತೂ ಖರೇ ಅಂತ ಗೊತ್ತಿತ್ತು ನನಗ. ನಿಮ್ಮಪ್ಪನೂ ಹಂಗ ಇದ್ದ."

ಅಪ್ಪ ತೀರಿಕೊಂಡು ಆಗ ಕೆಲವು ವರ್ಷಗಳಾಗಿದ್ದವು. ಅವನಷ್ಟು ಸೌಮ್ಯ ಮನುಷ್ಯ ನಮ್ಮ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ನಾನೂ ಹೇಳುತ್ತಿದ್ದೆ. ಸಂಜೆ ಬರುವಾಗ ನಮಗೆ ಮಂಡಾಳು ಮಂಡಕ್ಕಿಯ ಪೊಟ್ಟಣ, ಅವ್ವನಿಗೆ ಮಲ್ಲಿಗೆ ದಂಡೆ ತರುತ್ತಿದ್ದ. ದಂಡೆಯನ್ನು ನನ್ನ ಕೈಗೆ ಕೊಟ್ಟು, "ನಿಮ್ಮವ್ವಗ ಕೊಡು" ಅನ್ನುತ್ತಿದ್ದ. ಊಟಕ್ಕೆ ಕೂತಾಗ, "ನಿಮ್ಮವ್ವಗ ಹೇಳು, ಸಾರು ಹಾಕು ಅಂತ" ಅನ್ನುತ್ತಿದ್ದ. ಅವ್ವ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. ನಾನೂ ಅಣ್ಣನೂ ನಾ ಮುಂದು ತಾ ಮುಂದು ಎಂದು ಜಿದ್ದಿಗೆ ಬಿದ್ದು ಅವ್ವನಿಗೆ ಆ ಮಾತು ಮುಟ್ಟಿಸುತ್ತಿದ್ದೆವು. ಅದೊಂದು ಆಟ ಅಂದುಕೊಂಡಿದ್ದೆವು. ನಾವು ಶಾಲೆಗೆ ಹೋದ ಮೇಲೆ ಆ ಮನೆಯಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ನಾನಿದ್ದಾಗಿನ ಅಪ್ಪನನ್ನಷ್ಟೇ ನಾನು ನೋಡಿದ್ದೆ. ನಾನೂ ಬಂದವರಲ್ಲಿ ಒಬ್ಬಳಾಗಿದ್ದೆ.

"ನಾ ಬಾಳೀನಿಲ್ಲ?" ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. "ನಾ ಇರೋತನಕ ಇದು ನಿನ್ನ ಮನಿ. ಆಮ್ಯಾಲೆ ಯಾರು ನೋಡ್ತಾರ ನಿನ್ನ? ನಿಮ್ಮಣ್ಣ ಚಲೋ ಅದಾನ, ಖರೆ. ಎಷ್ಟು ದಿನ ಚಲೋ ಇರ್ತಾನ? ಮಾತಾಡದಿದ್ದರ ಸಾಯಂಗಿಲ್ಲವ್ವ. ನಾ ಸತ್ತೀನೇನು?"

ಜಗಳ ಮಾಡಬೇಕೆಂದು ಎಷ್ಟೊಂದು ಮಾತು ಕೂಡಿಟ್ಟುಕೊಂಡಿದ್ದೆ. ಯಾರೂ ನಂಬುವುದಿಲ್ಲ ಅನ್ನುವ ಹಟದ ಮೇಲೆ ನಾನು ಅಷ್ಟು ದಿನ ನಿಂತಿದ್ದೆ. ನಂಬಿಸಿಬಿಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ನಂಬಿದವಳು ಎದುರಿಗೇ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಮೈಯಲ್ಲಿದ್ದ ಬಲವೆಲ್ಲ ಅಲ್ಲೇ ಇಳಿದುಹೋಯಿತು.

ಅವ್ವ ಮೊರವನ್ನೊಮ್ಮೆ ಕೇರಿ, ಹೊಟ್ಟು ಊದಿ, "ಐತವಾರ ಕರಕೊಂಡು ಹೋಗಾಕ ಬರ್ತಾನಂತ. ಊಟಕ್ಕ ಏನ್ ಮಾಡ್ಲಿ? ಅವಗ ಏನ್ ಸೇರತೈತಿ?" ಎಂದು ಕೇಳಿದಳು.

ಬದನೆಕಾಯಿ ಎಣ್ಣೆಗಾಯಿ, ಎಂದೆ. ಖಾರ ಸ್ವಲ್ಪ ಕಡಿಮೆ ಹಾಕು, ಎಂದೆ.